ಹಾರ್ಡ್ ಡಿಸ್ಕ್: ಮನೆ ಕಂಪ್ಯೂಟರಿನ ಸಂಗ್ರಹ ಸಾಧನ ಮತ್ತು ಅದರ ಆಯ್ಕೆ

ವಿದ್ಯುತ್ ಸಂಪರ್ಕ ತಪ್ಪಿದ ಮೇಲೂ ಮಾಹಿತಿಯನ್ನು ಅಳಿಯದಂತೆ ಹಿಡಿದಿಡುವ, ಮತ್ತೆ ಮತ್ತೆ ಬರೆದು ಓದಬಹುದಾದ, ಕಂಪ್ಯೂಟರಿನ ಕಾಯಂ ಸಂಗ್ರಹ ಸಾಧನವೇ ಹಾರ್ಡ್ ಡಿಸ್ಕ್. ವಿಂಡೋಸ್, ಲಿನಕ್ಸ್‌ನಂತಹ ಕಾರ್ಯಾಚರಣೆ ವ್ಯವಸ್ಥೆಗಳು, ದಿನಬಳಕೆಯ ತಂತ್ರಾಂಶಗಳು, ಮನೆಯವರ ಕಡತ, ಫೋಟೊ, ವಿಡಿಯೊಗಳು ನೆಲೆಸುವುದು ಇದರಲ್ಲೇ. ಕಂಪ್ಯೂಟರಿನ ಬೇರೆ ಯಾವ ಭಾಗ ಕೆಟ್ಟರೂ ಹೊಸದನ್ನು ತಂದು ಹಾಕಬಹುದು. ಇದು ಕೆಟ್ಟಾಗ ಮಾತ್ರ ಹೋಗುವುದು ಅಂಗಡಿಯಲ್ಲಿ ಸಿಗದ ವಸ್ತು.

ಆಡುಮಾತಿನಲ್ಲಿ ಕೆಲವು ಪದಗಳು ಒಂದಕ್ಕೊಂದು ಬೆರೆತಿವೆ. ‘ಮೆಮೊರಿ ಫುಲ್ ಆಗಿದೆ’ ಎನ್ನುವವರು ಬಹುಪಾಲು ಹೇಳುತ್ತಿರುವುದು ಡಿಸ್ಕಿನ ಜಾಗ ತುಂಬಿದ್ದನ್ನು. ಮೆಮೊರಿ ಅಥವಾ ರ‍್ಯಾಮ್ ಬೇರೆಯೇ ಭಾಗ. ಕಂಪ್ಯೂಟರ್ ಆರಿಸಿದೊಡನೆ ಅದು ಬರಿದಾಗುತ್ತದೆ. ಚಿಪ್‌ಗಳಿಂದಾದ ಹೊಸ ಬಗೆಯ ಸಾಧನವನ್ನೂ ಅನೇಕರು ಹಾರ್ಡ್ ಡಿಸ್ಕ್ ಎಂದೇ ಕರೆಯುತ್ತಾರೆ. ಈ ಲೇಖನದಲ್ಲಿ ಒಳಗೆ ತಟ್ಟೆ ತಿರುಗುವ ಸಾಧನಕ್ಕೆ ‘ಹಾರ್ಡ್ ಡಿಸ್ಕ್’, ತಿರುಗುವ ಭಾಗವಿಲ್ಲದ ಚಿಪ್‌ಗಳ ಸಾಧನಕ್ಕೆ ‘ಎಸ್‌ಎಸ್‌ಡಿ’, ಎರಡನ್ನೂ ಸೇರಿಸಿ ಹೇಳುವಾಗ ‘ಡ್ರೈವ್’ ಎಂದು ಬಳಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಕಂಪನಿ 305 ರ‍್ಯಾಮ್ಯಾಕ್ ಎಂಬ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಭಾಗವಾಗಿದ್ದ ‘350’ ಎಂಬ ಘಟಕವೇ ಮಾರುಕಟ್ಟೆಗೆ ಬಂದ ಮೊದಲ ಹಾರ್ಡ್ ಡಿಸ್ಕ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ಮುಂದಾಳುತನದ ತಂಡ ಅದನ್ನು ರೂಪಿಸಿತ್ತು. ಎರಡು ಅಡಿ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿಗೆ ಪೋಣಿಸಿಕೊಂಡು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ತೂಕ ಸುಮಾರು ಒಂದು ಟನ್. ಇಡೀ ಕಂಪ್ಯೂಟರಿನ ಬಾಡಿಗೆ ತಿಂಗಳಿಗೆ 3,200 ಡಾಲರ್. ಇಷ್ಟೆಲ್ಲ ಮಾಡಿ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು, ಇಂದಿನ ಲೆಕ್ಕದಲ್ಲಿ 3.75 ಎಂಬಿ.

ಆ ಸಾಮರ್ಥ್ಯವನ್ನು ಕನ್ನಡದ ಅಳತೆಯಲ್ಲೂ ನೋಡಬಹುದು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಜಾಗ ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ ಸೇರಿ 5 ಸಂಕೇತಗಳಿವೆ, ಅಂದರೆ 15 ಬೈಟ್. ರ‍್ಯಾಮ್ಯಾಕ್‌ನ ಡಿಸ್ಕಿನಲ್ಲಿ ಆ ಪದವನ್ನು ಎರಡೂವರೆ ಲಕ್ಷ ಸಲ ಬರೆಯಬಹುದಿತ್ತು. ಇಂದು ಬೆರಳಿನಷ್ಟು ಅಗಲದ 1 ಟಿಬಿ ಎಸ್‌ಎಸ್‌ಡಿಯಲ್ಲಿ 6,600 ಕೋಟಿಗೂ ಹೆಚ್ಚು ಸಲ ಬರೆಯಬಹುದು.

ರ‍್ಯಾಮ್ಯಾಕ್‌ನ ಹೆಚ್ಚುಗಾರಿಕೆ ಅದರ ಗಾತ್ರದಲ್ಲಿರಲಿಲ್ಲ. ಅದಕ್ಕೂ ಮುಂಚೆ ವ್ಯಾಪಾರದ ಲೆಕ್ಕಗಳು ತೂತು ಹೊಡೆದ ಕಾರ್ಡುಗಳಲ್ಲೋ ಟೇಪಿನಲ್ಲೋ ಇರುತ್ತಿದ್ದವು. ನಡುವಿನ ಒಂದು ನಮೂದು ಬೇಕೆಂದರೂ ಮೊದಲಿನಿಂದ ಸಾಲಾಗಿ ಹಾಯ್ದು ಬರಬೇಕು. ಡಿಸ್ಕಿನಲ್ಲಿ ಓದುವ ಕೈ ಬೇಕಾದ ಜಾಗಕ್ಕೆ ನೇರವಾಗಿ ಹೋಗಿ ಕೂರುತ್ತದೆ. ಮುಂದಿನ ಎಲ್ಲ ಡ್ರೈವ್‌ಗಳೂ ಈ ಒಂದು ಗುಣದ ಮೇಲೆಯೇ ನಿಂತಿವೆ.

1973ರಲ್ಲಿ ಬಂದ ಐಬಿಎಂ 3340ರಲ್ಲಿ ತಟ್ಟೆ, ಓದುವ ತಲೆ ಎರಡನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಲಾಯಿತು. ‘ವಿಂಚೆಸ್ಟರ್’ ಎಂಬ ಅಡ್ಡಹೆಸರಿನ ಈ ರಚನೆಯೇ ಇಂದಿಗೂ ಮಾದರಿ. ಸಣ್ಣ ಕಂಪ್ಯೂಟರಿಗೆ ಹೊಂದುವ ಐದೂಕಾಲು ಇಂಚಿನ ಡಿಸ್ಕನ್ನು 1980ರಲ್ಲಿ ಸೀಗೇಟ್ ತಂದಿತು. ಎಸ್‌ಟಿ-506 ಎಂಬ ಅದರ ಸಾಮರ್ಥ್ಯ 5 ಎಂಬಿ. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಡಿಸ್ಕ್ ಜೊತೆಗೇ ಬಂತು. ಫ್ಲಾಪಿ ಬದಲಿಸುತ್ತ ಕೂರುವ ಕೆಲಸ ಅಲ್ಲಿಂದ ಮೆಲ್ಲಗೆ ತಗ್ಗಿತು.

ಆಮೇಲಿನ ಏರಿಕೆಗೆ ಭೌತವಿಜ್ಞಾನವೇ ಮೆಟ್ಟಿಲು. 1988ರಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ದೈತ್ಯ ಕಾಂತರೋಧ ಪರಿಣಾಮವನ್ನು ಬಳಸಿ, ತೀರ ಸಣ್ಣ ಕಾಂತೀಯ ಗುರುತುಗಳನ್ನೂ ಓದಬಲ್ಲ ತಲೆಗಳು 1997ರಲ್ಲಿ ಬಂದವು. 2007ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. ಅದೇ ವರ್ಷ ಹಿಟಾಚಿ 1 ಟಿಬಿಯ ಮೊದಲ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ತಟ್ಟೆಯ ಮೇಲೆ ಅಡ್ಡಡ್ಡ ಮಲಗಿದಂತಿದ್ದ ಗುರುತುಗಳನ್ನು ನೆಟ್ಟಗೆ ನಿಲ್ಲಿಸುವ ಲಂಬ ಮುದ್ರಣ 2005ರಿಂದ, ಗಾಳಿಯ ಬದಲು ಹೀಲಿಯಂ ತುಂಬಿ ಮುಚ್ಚಿದ ಡಿಸ್ಕ್‌ಗಳು 2013ರಿಂದ ಬಳಕೆಗೆ ಬಂದವು.

ಎಸ್‌ಎಸ್‌ಡಿಯ ದಾರಿ ಬೇರೆ. ಅದರ ಮೂಲವಾದ ಫ್ಲ್ಯಾಶ್ ಚಿಪ್ಪನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕ ರೂಪಿಸಿದರು. 1991ರಲ್ಲಿ ಬಂದ ಸನ್‌ಡಿಸ್ಕ್ ಕಂಪನಿಯ ಫ್ಲ್ಯಾಶ್ ಡ್ರೈವ್ 20 ಎಂಬಿಯದು, ಬೆಲೆ ಸುಮಾರು 1,000 ಡಾಲರ್. ಅದು ಮನೆಯ ಮಾತಾಗಲು ಇನ್ನೂ ಎರಡು ದಶಕ ಬೇಕಾಯಿತು.

ರಚನೆ

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಗಳಿರುತ್ತವೆ. ಅವುಗಳ ಎರಡೂ ಮೈಗೆ ತೆಳ್ಳನೆಯ ಕಾಂತೀಯ ಲೇಪನ. ತೋಳೊಂದರ ತುದಿಯಲ್ಲಿರುವ ತಲೆ ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ, ತಲೆಯ ದಾರಿಗೆ ಅಡ್ಡ ಬಂದ ಧೂಳಿನ ಕಣ ಬಂಡೆಯೇ ಸರಿ. ಮನೆಯಲ್ಲಿ ಮುಚ್ಚಳ ಬಿಚ್ಚಿ ರಿಪೇರಿ ಮಾಡುವ ವಸ್ತು ಇದಲ್ಲ.

ಹೀಲಿಯಂ ತುಂಬದ ಡಿಸ್ಕಿನ ಮುಚ್ಚಳವನ್ನು ಹತ್ತಿರದಿಂದ ನೋಡಿದರೆ ಗುಂಡುಸೂಜಿಯ ತಲೆಯಷ್ಟು ಸಣ್ಣ ರಂಧ್ರವೊಂದು ಕಾಣುತ್ತದೆ. ಪಕ್ಕದಲ್ಲೇ ಇದನ್ನು ಮುಚ್ಚಬೇಡಿ ಎಂಬ ಬರಹ. ಒಳಗಿನ, ಹೊರಗಿನ ಗಾಳಿಯ ಒತ್ತಡ ಸರಿದೂಗಲು ಸೋಸುಬಟ್ಟೆ ಹಾಕಿ ಬಿಟ್ಟ ದಾರಿ ಅದು. ತಲೆ ತೇಲುವುದು ಆ ಗಾಳಿಯ ಪದರದ ಮೇಲೆಯೇ. ಬೆಲೆಯ ಚೀಟಿಯನ್ನು ಅದರ ಮೇಲೆ ಅಂಟಿಸುವುದು ತಪ್ಪು.

ಹಾರ್ಡ್ ಡಿಸ್ಕ್ ಏಕೆ ನಿಧಾನ ಎಂಬುದಕ್ಕೆ ಉತ್ತರ ಈ ರಚನೆಯಲ್ಲೇ ಇದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಗುರುತು ತಲೆಯಡಿಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್. ಹೀಗೆ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಕಡತಗಳನ್ನು ಸೆಕೆಂಡಿಗೆ ಸುಮಾರು ಎಂಬತ್ತರಷ್ಟು ಮಾತ್ರ ಮುಟ್ಟಲು ಸಾಧ್ಯ. ಕಂಪ್ಯೂಟರ್ ಆನ್ ಆಗುವಾಗ ಓದಬೇಕಾದ ಸಣ್ಣ ಕಡತಗಳು ಸಾವಿರಾರು. ಮೇಜಿನ ಮೇಲಿನ ಗೊರಗೊರ ಸದ್ದು, ಪರದೆಯ ಮೇಲೆ ತಿರುಗುತ್ತಲೇ ಇರುವ ಚಕ್ರ, ಎರಡರ ಮೂಲವೂ ಇದೇ ಲೆಕ್ಕ. ಒಂದೇ ದೊಡ್ಡ ಸಿನಿಮಾ ಕಡತವನ್ನು ಸಾಲಾಗಿ ಓದುವಾಗ ಅದೇ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಸಲೀಸಾಗಿ ಕೊಡುತ್ತದೆ.

ಎಸ್‌ಎಸ್‌ಡಿಯಲ್ಲಿ ಸರಿಯುವ ತೋಳೂ ಇಲ್ಲ, ಕಾಯಬೇಕಾದ ಸುತ್ತೂ ಇಲ್ಲ. ಫ್ಲ್ಯಾಶ್ ಚಿಪ್‌ಗಳು, ಅವನ್ನು ಆಳುವ ಕಂಟ್ರೋಲರ್, ಕೆಲವದರಲ್ಲಿ ಒಂದು ಡಿ-ರ‍್ಯಾಮ್ ಚಿಪ್, ಇಷ್ಟೇ. ಮಾಹಿತಿ ಅತಿಸಣ್ಣ ಕೋಶಗಳಲ್ಲಿ ವಿದ್ಯುದಾವೇಶವಾಗಿ ಕೂರುತ್ತದೆ. ಯಾವ ಕೋಶವನ್ನಾದರೂ ಮುಟ್ಟಲು ಹತ್ತಿರ ಹತ್ತಿರ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದರೆ ಕೋಶವನ್ನು ಅಳಿಸಿ ಬರೆದಷ್ಟೂ ಅದು ಸವೆಯುತ್ತದೆ. ಒಂದೇ ಕಡೆ ಸವೆತ ಬೀಳದಂತೆ ಬರಹವನ್ನು ಎಲ್ಲ ಕೋಶಗಳಿಗೂ ಹಂಚುವುದು ಕಂಟ್ರೋಲರಿನ ಮುಖ್ಯ ಕೆಲಸ.

ಬಗೆಗಳು

ಹಾರ್ಡ್ ಡಿಸ್ಕ್ ಎರಡು ಗಾತ್ರದಲ್ಲಿ ಸಿಗುತ್ತದೆ. ಡೆಸ್ಕ್‌ಟಾಪಿಗೆ 3.5 ಇಂಚು, ಲ್ಯಾಪ್‌ಟಾಪಿಗೆ 2.5 ಇಂಚು. ತಿರುಗುವ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು.

ಖರೀದಿದಾರರು ಹೆಚ್ಚು ಗಮನಿಸಬೇಕಾದ ಭೇದ ಬರೆಯುವ ವಿಧಾನದ್ದು. ಸಿಎಂಆರ್ ವಿಧಾನದಲ್ಲಿ ಪಥಗಳು ಅಕ್ಕಪಕ್ಕ ಬೇರೆಬೇರೆಯಾಗಿರುತ್ತವೆ. ಎಸ್‌ಎಂಆರ್ ವಿಧಾನದಲ್ಲಿ ಮಂಗಳೂರು ಹೆಂಚು ಹೊದಿಸಿದಂತೆ ಒಂದು ಪಥದ ಅಂಚಿನ ಮೇಲೆ ಇನ್ನೊಂದು ಏರಿ ಕೂರುತ್ತದೆ. ಅದೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ, ಬೆಲೆ ತಗ್ಗುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೇರಿದ ಹೆಂಚುಗಳನ್ನೂ ಸರಿಸಲೇಬೇಕು. ಇಲ್ಲಿಯೂ ಒಂದು ಪಥವನ್ನು ತಿದ್ದಲು ಅದಕ್ಕಂಟಿದ ಪಥಗಳ ಗುಂಪನ್ನೇ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿ ಎತ್ತಿಡುವ ಫೋಟೊಗಳಿಗೆ ಇದರಿಂದ ತೊಂದರೆಯಿಲ್ಲ. ದಿನವಿಡೀ ಬರೆದು ಅಳಿಸುವ ಕೆಲಸಕ್ಕೆ, ಹಲವು ಡಿಸ್ಕ್‌ಗಳನ್ನು ರೇಡ್ ಪದ್ಧತಿಯಲ್ಲಿ ಜೋಡಿಸುವುದಕ್ಕೆ ಇದು ಹೊಂದುವುದಿಲ್ಲ. 2020ರಲ್ಲಿ ಮೂರೂ ಪ್ರಮುಖ ತಯಾರಕ ಕಂಪನಿಗಳು ಈ ವಿಧಾನವನ್ನು ಕೆಲವು ಮಾದರಿಗಳಲ್ಲಿ ಹೇಳದೆಯೇ ಬಳಸಿದ್ದು ಬಯಲಾಗಿ ಬಳಕೆದಾರರು ಸಿಡಿದೆದ್ದರು. ಆ ಮೇಲೆ ಯಾವ ಮಾದರಿ ಯಾವ ವಿಧಾನದ್ದು ಎಂಬ ಪಟ್ಟಿಗಳು ಪ್ರಕಟವಾದವು. ಪೆಟ್ಟಿಗೆಯ ಮೇಲೆ ಈ ವಿವರ ಇಂದಿಗೂ ಎದ್ದು ಕಾಣುವುದಿಲ್ಲ. ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಹುಡುಕಬೇಕು.

ಎಸ್‌ಎಸ್‌ಡಿಗಳನ್ನು ಒಂದು ಕೋಶದಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಎಂಬುದರ ಮೇಲೆ ವಿಂಗಡಿಸುತ್ತಾರೆ: ಎಸ್‌ಎಲ್‌ಸಿಯಲ್ಲಿ 1, ಎಂಎಲ್‌ಸಿಯಲ್ಲಿ 2, ಟಿಎಲ್‌ಸಿಯಲ್ಲಿ 3, ಕ್ಯೂಎಲ್‌ಸಿಯಲ್ಲಿ 4. ಬಿಟ್ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ, ಬರೆಯುವ ವೇಗ ಮತ್ತು ಬಾಳಿಕೆ ಕೂಡ ಇಳಿಯುತ್ತವೆ. ಮನೆ ಬಳಕೆಗೆ ಈಗ ಸಿಗುವುದು ಕೊನೆಯ ಎರಡೇ. ಇವೆರಡೂ ಖಾಲಿ ಜಾಗದ ಒಂದು ಭಾಗವನ್ನು ತಾತ್ಕಾಲಿಕವಾಗಿ ಎಸ್‌ಎಲ್‌ಸಿಯಂತೆ ಬಳಸಿ ವೇಗ ತೋರಿಸುತ್ತವೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಆ ವೇಗವೇ. ಮದುವೆ ವಿಡಿಯೊಗಳ 200 ಜಿಬಿಯನ್ನು ಒಂದೇ ಉಸಿರಿಗೆ ನಕಲು ಮಾಡತೊಡಗಿದರೆ ಆ ಭಾಗ ತುಂಬಿಹೋಗಿ, ಅಗ್ಗದ ಕ್ಯೂಎಲ್‌ಸಿ ಡ್ರೈವ್ ಹಾರ್ಡ್ ಡಿಸ್ಕಿಗಿಂತಲೂ ಕೆಳಗಿನ ವೇಗಕ್ಕೆ ಕುಸಿಯುವುದುಂಟು.

ಜೋಡಣೆ

ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿಗಳು ಈಗ ಮುಖ್ಯವಾಗಿ ಎರಡು. ಸಾಟಾ 2003ರ ಹೊತ್ತಿಗೆ ಬಂದು ಹಳೆಯ ಅಗಲ ಪಟ್ಟಿಯ ಐಡಿಇ ಕೇಬಲ್ಲನ್ನು ಹಿಂದೆ ಸರಿಸಿತು. ಅದರ ಮೂರನೇ ಪೀಳಿಗೆಯ ಮಿತಿ ಸೆಕೆಂಡಿಗೆ 6 ಗಿಗಾಬಿಟ್. ಕೈಗೆ ಸಿಗುವುದು ಸುಮಾರು 550 ಎಂಬಿ. ಎನ್‌ವಿಎಂಇ 2011ರಲ್ಲಿ ರೂಪುಗೊಂಡ ಪದ್ಧತಿ, ಪಿಸಿಐಇ ಹಾದಿಯ ಮೇಲೆ ನೇರವಾಗಿ ಓಡುತ್ತದೆ. ಅದರ ವೇಗ ಪಿಸಿಐಇ ಮೂರನೇ ಪೀಳಿಗೆಯಲ್ಲಿ ಸುಮಾರು 3,500 ಎಂಬಿ, ನಾಲ್ಕರಲ್ಲಿ 7,000, ಐದರಲ್ಲಿ 14,000ದವರೆಗೆ.

ಎಂ.2 ಎಂಬುದು ವೇಗದ ಹೆಸರಲ್ಲ, ಆಕಾರದ ಹೆಸರು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಚೂಯಿಂಗ್ ಗಮ್ ಪಟ್ಟಿಯಂತಿರುವ ಈ ಹಲಗೆಯೊಳಗೆ ಸಾಟಾ ಡ್ರೈವೂ ಇರಬಹುದು, ಎನ್‌ವಿಎಂಇ ಡ್ರೈವೂ ಇರಬಹುದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ಎಲ್ಲ ಕಂಪ್ಯೂಟರುಗಳಲ್ಲೂ ನಡೆಯುವುದಿಲ್ಲ. ಸಾಟಾ ಎಂ.2 ಮಾತ್ರ ಒಪ್ಪುವ ಹಳೆಯ ಲ್ಯಾಪ್‌ಟಾಪಿಗೆ ಎನ್‌ವಿಎಂಇ ತಂದು, ಅದು ಕಾಣಿಸಿಕೊಳ್ಳದೆ ಅಂಗಡಿಗೆ ಮರಳಿಸುವುದು ಇಂದಿಗೂ ನಡೆದೇ ಇದೆ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಜಾಗ ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ಸುಮ್ಮನಾಗುತ್ತವೆ. ಡ್ರೈವಿನ ಪೆಟ್ಟಿಗೆಗಿಂತ ಮೊದಲು ಓದಬೇಕಾದುದು ಕಂಪ್ಯೂಟರಿನ ಕೈಪಿಡಿ.

ಯುಎಸ್‌ಬಿ ಕೇಬಲ್ಲಿನಿಂದ ಹೊರಗೆ ಜೋಡಿಸುವ ಎಕ್ಸ್‌ಟರ್ನಲ್ ಡ್ರೈವ್ ಮೂರನೆಯ ದಾರಿ. 2.5 ಇಂಚಿನದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕು. 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕಾದ್ದರಿಂದ ಬೇರೆ ಅಡಾಪ್ಟರ್ ಬರುತ್ತದೆ.

ಸಾಮರ್ಥ್ಯದ ಲೆಕ್ಕ

1 ಟಿಬಿ ಡ್ರೈವ್ ಹಾಕಿದರೆ ವಿಂಡೋಸ್ ತೋರಿಸುವುದು 931 ಜಿಬಿ. ಇದರಲ್ಲಿ ಮೋಸವಿಲ್ಲ. ತಯಾರಕರು 1 ಟಿಬಿ ಎಂದರೆ ಲಕ್ಷ ಕೋಟಿ ಬೈಟ್ ಎಂದು ಹತ್ತರ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ಬೈಟುಗಳ ಸಂಖ್ಯೆ ಎರಡರಲ್ಲೂ ಒಂದೇ.

ಎಷ್ಟು ಜಾಗ ಬೇಕು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ವಿಡಿಯೊ. ವಿಂಡೋಸ್ 11 ಕೇಳುವ ಕನಿಷ್ಠ ಜಾಗ 64 ಜಿಬಿ. ನುಡಿ, ಬರಹದಂತಹ ಕನ್ನಡ ಟೈಪಿಂಗ್ ತಂತ್ರಾಂಶಗಳು, ಕಚೇರಿ ಕಡತಗಳು, ಜೀವಮಾನದಲ್ಲಿ ಟೈಪು ಮಾಡಿದ ಬರಹವೆಲ್ಲ ಸೇರಿದರೂ ಅದರ ಪಕ್ಕದಲ್ಲಿ ಲೆಕ್ಕಕ್ಕಿಲ್ಲ. ಆದರೆ ಫೋನಿನಲ್ಲಿ ತೆಗೆದ 4ಕೆ ವಿಡಿಯೊ, ಸಂಕೇತಿಸುವ ವಿಧಾನವನ್ನು ಅನುಸರಿಸಿ, ನಿಮಿಷಕ್ಕೆ 170ರಿಂದ 350 ಎಂಬಿ ನುಂಗುತ್ತದೆ. ಮಗುವಿನ ಶಾಲಾ ವಾರ್ಷಿಕೋತ್ಸವದ ಎರಡು ಗಂಟೆಯ ಚಿತ್ರೀಕರಣ 20ರಿಂದ 42 ಜಿಬಿ ಆದೀತು.

ಆಯ್ಕೆ

ಮನೆಯ ಡ್ರೈವಿಗೆ ಎರಡು ಬೇರೆ ಬೇರೆ ಕೆಲಸಗಳಿವೆ: ಕಂಪ್ಯೂಟರನ್ನು ನಡೆಸುವುದು ಮತ್ತು ಮಾಹಿತಿಯನ್ನು ಕೂಡಿಡುವುದು. ಮೊದಲನೆಯದು ಎಸ್‌ಎಸ್‌ಡಿಯ ಕೆಲಸ, ಎರಡನೆಯದರಲ್ಲಿ ಹಾರ್ಡ್ ಡಿಸ್ಕಿಗೆ ಇಂದಿಗೂ ಸಾಟಿಯಿಲ್ಲ, ಏಕೆಂದರೆ ಒಂದು ಟಿಬಿಗೆ ಬೀಳುವ ಬೆಲೆ ಅದರಲ್ಲಿ ಬಹಳ ಕಡಿಮೆ. ಎರಡೂ ಕೆಲಸವನ್ನು ಒಂದರಿಂದಲೇ ಮಾಡಿಸಲು ಹೊರಟಾಗಲೇ ಹೆಚ್ಚಿನ ಖರೀದಿಗಳು ಹಾದಿ ತಪ್ಪುವುದು. ಅದೇ ಬೆಲೆಗೆ 2 ಟಿಬಿ ಹಾರ್ಡ್ ಡಿಸ್ಕ್ ಸಿಗುತ್ತಿರುವಾಗ 500 ಜಿಬಿ ಎಸ್‌ಎಸ್‌ಡಿ ಏಕೆ ಎಂದು ಸಂಖ್ಯೆ ನೋಡಿ ದೊಡ್ಡದನ್ನು ಕೊಂಡವರ ಕಂಪ್ಯೂಟರ್ ಮೊದಲಿನಷ್ಟೇ ನಿಧಾನವಾಗಿ ಏಳುತ್ತದೆ.

ಹತ್ತು ವರ್ಷ ಹಳೆಯ ಡೆಸ್ಕ್‌ಟಾಪಿಗೆ ಸಾಟಾ ಎಸ್‌ಎಸ್‌ಡಿ ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನು ಸಂಗ್ರಹಕ್ಕೆ ಉಳಿಸಿಕೊಳ್ಳುವುದು ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ದೊಡ್ಡ ವ್ಯತ್ಯಾಸ ತರುವ ಬದಲಾವಣೆ. ಎರಡು ನಿಮಿಷ ಹಿಡಿಯುತ್ತಿದ್ದ ಆರಂಭ ಇಪ್ಪತ್ತು ಮೂವತ್ತು ಸೆಕೆಂಡಿಗೆ ಇಳಿಯುತ್ತದೆ. ಇಲ್ಲಿ 550 ಎಂಬಿ ಮಿತಿಯ ಬಗ್ಗೆ ಕೊರಗಬೇಕಿಲ್ಲ. ಬಳಕೆದಾರರಿಗೆ ಗೊತ್ತಾಗುವ ಚುರುಕು ಸಣ್ಣ ಕಡತಗಳಿಗೆ ಕಾಯುವ ಸಮಯ ಇಳಿದಿದ್ದರಿಂದ ಬರುವಂಥದ್ದು. ಅದೇ ಕಾರಣಕ್ಕೆ ಹೊಸ ಕಂಪ್ಯೂಟರಿನಲ್ಲೂ ಪಿಸಿಐಇ ನಾಲ್ಕನೇ ಪೀಳಿಗೆಯಿಂದ ಐದನೆಯದಕ್ಕೆ ಹೋದವರಿಗೆ ಬ್ರೌಸರ್ ಅಥವಾ ಪತ್ರ ಟೈಪಿಸುವ ಕೆಲಸದಲ್ಲಿ ಏನೂ ಅನಿಸುವುದಿಲ್ಲ. ದೊಡ್ಡ ವಿಡಿಯೊಗಳನ್ನು ಸಂಪಾದಿಸುವವರಿಗೆ ಮಾತ್ರ ಆ ಹಣ ಸಾರ್ಥಕ.

ವಿವರಪಟ್ಟಿಯಲ್ಲಿ ಸಾಮರ್ಥ್ಯ, ವೇಗಗಳ ಕೆಳಗೆ ಸಣ್ಣಕ್ಷರದಲ್ಲಿರುವ ಟಿಬಿಡಬ್ಲ್ಯು ಎಂಬ ಅಂಕಿ ಬಾಳಿಕೆಯ ಸೂಚಕ. ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂದು ಅದು ಹೇಳುತ್ತದೆ. ಒಳ್ಳೆಯ 1 ಟಿಬಿ ಟಿಎಲ್‌ಸಿ ಡ್ರೈವಿಗೆ 600 ಸಾಮಾನ್ಯ. ದಿನಕ್ಕೆ 50 ಜಿಬಿ ಬರೆದರೂ ಅದು ಮುಗಿಯಲು 12,000 ದಿನ, ಅಂದರೆ 32 ವರ್ಷಕ್ಕೂ ಮೇಲೆ ಬೇಕು. ಹೀಗಾಗಿ ಮನೆ ಬಳಕೆಯಲ್ಲಿ ಎಸ್‌ಎಸ್‌ಡಿ ಸವೆದುಹೋಗುವ ಭಯ ಅತಿಯಾದದ್ದು. ಆದರೆ ಒಂದೇ ಸಾಮರ್ಥ್ಯದ ಎರಡು ಡ್ರೈವ್‌ಗಳಲ್ಲಿ ಒಂದರ ಅಂಕಿ ಇನ್ನೊಂದರ ಮೂರನೇ ಒಂದು ಭಾಗವಿದ್ದರೆ, ಒಳಗಿರುವುದು ಕ್ಯೂಎಲ್‌ಸಿ ಎಂದು ಊಹಿಸಲು ಅಷ್ಟು ಸಾಕು. ಡಿ-ರ‍್ಯಾಮ್ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ಎನ್‌ವಿಎಂಇಯಲ್ಲಿ ಅದಿಲ್ಲದಿದ್ದರೆ ಕಂಪ್ಯೂಟರಿನ ರ‍್ಯಾಮ್‌ನಿಂದ ತುಸು ಜಾಗ ಎರವಲು ಪಡೆಯುವ ಏರ್ಪಾಡಿದೆ. ಸಾಟಾದಲ್ಲಿ ಆ ಏರ್ಪಾಡಿಲ್ಲ.

ಸಿಸಿಟಿವಿ ರೆಕಾರ್ಡರಿಗೆ ಕಂಪ್ಯೂಟರಿನ ಸಾದಾ ಡಿಸ್ಕ್ ಹಾಕುವುದು ಸಲ್ಲದು. ಹಗಲುರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆ ಬೇರೆ ಮಾದರಿಗಳಿವೆ. ಮನೆಯ ಜಾಲಕ್ಕೆ ಜೋಡಿಸುವ, ಹಲವು ಡಿಸ್ಕ್ ಒಟ್ಟಿಗೆ ತಿರುಗುವ ನ್ಯಾಸ್ ಪೆಟ್ಟಿಗೆಗಳಿಗೂ ಹಾಗೆಯೇ, ಅಕ್ಕಪಕ್ಕದ ಕಂಪನವನ್ನು ತಡೆದುಕೊಳ್ಳುವ ಮಾದರಿಗಳು ಸಿಗುತ್ತವೆ.

ಲ್ಯಾಪ್‌ಟಾಪಿನಲ್ಲಿ ಆಯ್ಕೆ ಸುಲಭ. ಚಲಿಸುವ ತಟ್ಟೆ ಏಟು ಸಹಿಸುವುದಿಲ್ಲ, ಬ್ಯಾಟರಿಯನ್ನೂ ಹೆಚ್ಚು ಬೇಡುತ್ತದೆ. ಅಲ್ಲಿ ಎಸ್‌ಎಸ್‌ಡಿಯೇ ಸರಿ. ಹಳೆಯ ಲ್ಯಾಪ್‌ಟಾಪಿನ 2.5 ಇಂಚಿನ ಜಾಗ 9.5 ಮಿಲಿಮೀಟರ್ ದಪ್ಪದ್ದೋ 7 ಮಿಲಿಮೀಟರಿನದ್ದೋ ಎಂದು ಅಳೆದು ನೋಡಬೇಕು.

ಖರೀದಿಯ ಎಚ್ಚರಿಕೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಾಗಲಿ ಆನ್‌ಲೈನ್ ಮಳಿಗೆಯಲ್ಲಾಗಲಿ ಹೊಸ ಡ್ರೈವ್, ಬಳಸಿ ಒಪ್ಪ ಮಾಡಿದ ಡ್ರೈವ್ ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಬಳಸಿದ್ದನ್ನು ಬಳಸಿದ್ದು ಎಂದೇ ಹೇಳಿ ಕಡಿಮೆ ಬೆಲೆಗೆ ಮಾರುವುದು ಸರಿಯಾದ ವ್ಯಾಪಾರ. ಹೊಸದೆಂದು ಮಾರುವುದು ವಂಚನೆ. 2025ರ ಆರಂಭದಲ್ಲಿ ಯುರೋಪಿನಲ್ಲಿ, ಡೇಟಾ ಕೇಂದ್ರಗಳಲ್ಲಿ ಸಾವಿರಾರು ಗಂಟೆ ದುಡಿದ ಡಿಸ್ಕ್‌ಗಳು ಹೊಸದೆಂಬ ಹೆಸರಿನಲ್ಲಿ ಮಾರಾಟವಾದದ್ದು ಪತ್ತೆಯಾಯಿತು. ಅವುಗಳ ಬಳಕೆಯ ದಾಖಲೆಯನ್ನೂ ಅಳಿಸಲಾಗಿತ್ತು.

ಪ್ರತಿ ಡ್ರೈವ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ತಾನೇ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು, ಯಾರೂ ಅಳಿಸಿರದಿದ್ದರೆ, ಓದಬಹುದು. ಹೊಸ ಡ್ರೈವಿನಲ್ಲಿ ಚಾಲೂ ಇದ್ದ ಗಂಟೆಗಳು ಸೊನ್ನೆಯ ಆಸುಪಾಸಿನಲ್ಲಿರಬೇಕು. ಕೆಟ್ಟುಹೋಗಿ ಬದಲಿಸಲಾದ ಸೆಕ್ಟರುಗಳ ಸಂಖ್ಯೆ ಸೊನ್ನೆಯೇ ಆಗಿರಬೇಕು. ಕ್ರಮಸಂಖ್ಯೆಯನ್ನು ತಯಾರಕರ ತಾಣದಲ್ಲಿ ತುಂಬಿ, ವಾರಂಟಿ ಭಾರತಕ್ಕೆ ಅನ್ವಯಿಸುತ್ತದೆಯೇ, ಎಂದಿನವರೆಗೆ ಎಂದು ನೋಡುವುದು ಬಿಲ್ ಕೈಗೆ ಬಂದ ದಿನವೇ ಆಗಬೇಕಾದ ಕೆಲಸ. ವಾರಂಟಿ ಸಾಮಾನ್ಯವಾಗಿ 2ರಿಂದ 5 ವರ್ಷ. ಅದು ಡ್ರೈವಿಗೆ ಮಾತ್ರ. ಒಳಗಿದ್ದ ಮಾಹಿತಿಗೆ ಅಲ್ಲ.

ಬಳಕೆ, ಬಾಳಿಕೆ

ಎಂ.2 ಡ್ರೈವನ್ನು ಕೂರಿಸುವುದು ಕೈಚಳಕದ ಕೆಲಸ. ಅದನ್ನು ಸುಮಾರು 30 ಡಿಗ್ರಿ ಓರೆಯಾಗಿ ಜಾಗದೊಳಗೆ ತೂರಿಸಿದರೆ ಬಾಲ ಗಾಳಿಯಲ್ಲಿ ಎದ್ದು ನಿಲ್ಲುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ತುದಿಗೆ ಒಂದೇ ಒಂದು ಸ್ಕ್ರೂ ಬಿಗಿಯಬೇಕು. ಅಕ್ಕಿಕಾಳಿಗಿಂತ ಚಿಕ್ಕದಾದ ಆ ಸ್ಕ್ರೂ ಅನೇಕ ಸಲ ಡ್ರೈವಿನ ಜೊತೆ ಬರುವುದಿಲ್ಲ, ಮದರ್‌ಬೋರ್ಡಿನ ಪೆಟ್ಟಿಗೆಯಲ್ಲಿರುತ್ತದೆ. 2 ಟಿಬಿಗಿಂತ ದೊಡ್ಡ ಡ್ರೈವನ್ನು ಜಾಗ ವಿಭಾಗಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಸಿದ್ಧಪಡಿಸಿದರೆ ಉಳಿದ ಜಾಗ ಕಾಣುವುದಿಲ್ಲ. ಜಿಪಿಟಿ ಪದ್ಧತಿಯನ್ನು ಆರಿಸಬೇಕು. ಎಸ್‌ಎಸ್‌ಡಿಗೆ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಬೇಕಿಲ್ಲ, ಅಳಿಸಿದ ಜಾಗವನ್ನು ಡ್ರೈವಿಗೆ ತಿಳಿಸುವ ಟ್ರಿಮ್ ಚಾಲೂ ಇದ್ದರೆ ಸಾಕು.

ಕರ್ನಾಟಕದ ಮನೆಗಳಲ್ಲಿ ಡ್ರೈವಿನ ದೊಡ್ಡ ಶತ್ರು ಕರೆಂಟು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಉದ್ಯಮ ದರ್ಜೆಯ ಎಸ್‌ಎಸ್‌ಡಿಯಲ್ಲಿ ಆ ಕ್ಷಣಕ್ಕೆಂದೇ ಕೆಪಾಸಿಟರುಗಳಿರುತ್ತವೆ, ಮನೆ ಬಳಕೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಡೆಸ್ಕ್‌ಟಾಪಿಗೆ ಸಣ್ಣ ಯುಪಿಎಸ್ ಡ್ರೈವಿನ ಬೆಲೆಯಷ್ಟೇ ಅಗತ್ಯದ ಖರ್ಚು. ಹಾರ್ಡ್ ಡಿಸ್ಕ್‌ಗಳ ತಾಪಮಾನದ ಮೇಲ್ಮಿತಿ ಹೆಚ್ಚಾಗಿ 60 ಡಿಗ್ರಿ. ಹೊರಗೇ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಧೂಳು ಕಟ್ಟಿದ ಕ್ಯಾಬಿನೆಟ್ಟಿನೊಳಗೆ ಆ ಮಿತಿ ದೂರವೇನಲ್ಲ. ಎನ್‌ವಿಎಂಇ ಡ್ರೈವ್ ಬಿಸಿಯಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಸಾಯುವ ರೀತಿಯಲ್ಲೂ ಎರಡಕ್ಕೆ ಅಂತರವಿದೆ. ಹಾರ್ಡ್ ಡಿಸ್ಕ್ ಹಲವು ಸಲ ಮುನ್ಸೂಚನೆ ಕೊಡುತ್ತದೆ: ಕಡತ ತೆರೆಯಲು ತಡವಾಗುತ್ತದೆ, ಒಳಗಿನಿಂದ ಒಂದೇ ತಾಳದಲ್ಲಿ ಟಕ್ ಟಕ್ ಸದ್ದು ಕೇಳುತ್ತದೆ. ಆ ಸದ್ದು ಕೇಳಿದೊಡನೆ ಆರಿಸಿಬಿಡಬೇಕು. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ತಲೆ ತಟ್ಟೆಯನ್ನು ಗೀಚುವ ಅಪಾಯವಿದೆ. ಎಸ್‌ಎಸ್‌ಡಿ ನಿನ್ನೆಯವರೆಗೆ ಸರಿಯಿದ್ದು ಇಂದು ಬೆಳಿಗ್ಗೆ ಕಾಣಿಸದೇ ಹೋಗಬಹುದು. ಸಾವಿರಾರು ಡಿಸ್ಕ್ ನಡೆಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆ 2013ರಿಂದ ಪ್ರಕಟಿಸುತ್ತಿರುವ ಅಂಕಿಗಳಲ್ಲಿ ಇತ್ತೀಚಿನ ವರ್ಷಗಳ ವಾರ್ಷಿಕ ವೈಫಲ್ಯ ಶೇ 1ರಿಂದ 2ರ ನಡುವೆ ಇದೆ.

ನೂರಕ್ಕೆ ಒಂದೆರಡು ಎಂಬುದು ಚಿಕ್ಕ ಸಂಖ್ಯೆ, ಆದರೆ ಹೋದದ್ದು ಮನೆಯ ಒಂದೇ ಡ್ರೈವ್ ಆಗಿದ್ದರೆ ಹಾಗನಿಸುವುದಿಲ್ಲ. ಆದ್ದರಿಂದ ಹೊಸ ಡ್ರೈವಿನ ಖರ್ಚಿನಲ್ಲೇ ಎರಡನೇ ಪ್ರತಿಯ ಖರ್ಚನ್ನೂ ಸೇರಿಸಿ ನೋಡುವುದು ಸರಿಯಾದ ಲೆಕ್ಕ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಕ್ರಮ ವ್ಯಾಪಕವಾಗಿ ಬಳಕೆಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಬೀರುವಿನಲ್ಲಿ ಎತ್ತಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ಹೆಚ್ಚು ಹೊಂದುತ್ತದೆ. ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂಬುದು ಚಿಪ್ ಉದ್ಯಮದ ಮಾನದಂಡ ಸಂಸ್ಥೆ ಜೆಡೆಕ್‌ನ ನಿಯಮ. ಹೊಸದರಲ್ಲಿ ಆ ಅವಧಿ ಹೆಚ್ಚೇ ಇದ್ದರೂ ಅದನ್ನು ವರ್ಷಗಟ್ಟಲೆ ಮರೆತು ಇಡುವಂತಿಲ್ಲ.

ಹಳೆಯ ಡ್ರೈವಿನ ವಿಲೇವಾರಿ

ಡಿಲೀಟ್ ಮಾಡಿದ ಕಡತ ಹಾರ್ಡ್ ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ. ಅದರ ವಿಳಾಸ ಮಾತ್ರ ಅಳಿಯುತ್ತದೆ. ಬೇರೆಯವರಿಗೆ ಕೊಡುವ ಮುನ್ನ ಇಡೀ ಡಿಸ್ಕಿನ ಮೇಲೆ ಒಮ್ಮೆ ಬರೆಯಬೇಕು. ಎಸ್‌ಎಸ್‌ಡಿಗೆ ತಯಾರಕರ ತಂತ್ರಾಂಶದಲ್ಲಿರುವ ಪೂರ್ತಿ ಅಳಿಸುವ ಆಜ್ಞೆಯನ್ನು ಬಳಸಬೇಕು. ಕೆಟ್ಟ ಡ್ರೈವ್ ಗುಜರಿಗೆ ಸೇರುವ ವಸ್ತುವಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು.

ಈಗಿನ ಸ್ಥಿತಿ

ಒಂದು ಕಾಲಕ್ಕೆ ಹತ್ತಾರು ಇದ್ದ ಹಾರ್ಡ್ ಡಿಸ್ಕ್ ತಯಾರಕರಲ್ಲಿ ಈಗ ಉಳಿದಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂರೇ. ಉತ್ಪಾದನೆ ಕೆಲವೇ ಕಡೆ ಒಟ್ಟುಗೂಡಿರುವುದರ ಅಪಾಯ 2011ರ ಥಾಯ್ಲೆಂಡ್ ಪ್ರವಾಹದಲ್ಲಿ ಕಂಡಿತ್ತು; ಅಲ್ಲಿನ ಕಾರ್ಖಾನೆಗಳಿಗೆ ನೀರು ನುಗ್ಗಿ ಜಗತ್ತಿನಾದ್ಯಂತ ಡಿಸ್ಕ್ ಬೆಲೆ ಜಿಗಿದು, ಇಳಿಯಲು ಬಹುಕಾಲ ಹಿಡಿಯಿತು. 2024ರ ಜನವರಿಯಲ್ಲಿ ಸೀಗೇಟ್, ಬರೆಯುವ ಬಿಂದುವನ್ನು ಲೇಸರಿನಿಂದ ಕ್ಷಣಮಾತ್ರ ಕಾಯಿಸುವ ಹ್ಯಾಮರ್ ವಿಧಾನದ 30 ಟಿಬಿಯ ಡಿಸ್ಕ್‌ಗಳನ್ನು ಪ್ರಕಟಿಸಿತು. ಅವು ಮುಖ್ಯವಾಗಿ ಡೇಟಾ ಕೇಂದ್ರಗಳಿಗೆ. ಫ್ಲ್ಯಾಶ್ ಕಡೆ 2013ರಿಂದ ಕೋಶಗಳನ್ನು ಮಹಡಿಯ ಮೇಲೆ ಮಹಡಿಯಂತೆ ಜೋಡಿಸಲಾಗುತ್ತಿದ್ದು, ಪದರಗಳ ಸಂಖ್ಯೆ 200 ದಾಟಿದೆ. ಸ್ಯಾಮ್‌ಸಂಗ್, ಮೈಕ್ರಾನ್, ಸ್ಯಾನ್‌ಡಿಸ್ಕ್ ಕಂಪನಿಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳನ್ನು ನಡೆಸುತ್ತಿವೆ. 2025ರ ಕೊನೆಯ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ ಫ್ಲ್ಯಾಶ್ ಚಿಪ್‌ಗಳ ಬೆಲೆ ಏರತೊಡಗಿ, ವರ್ಷಗಳಿಂದ ಅಗ್ಗವಾಗುತ್ತ ಬಂದಿದ್ದ ಮನೆ ಬಳಕೆಯ ಎಸ್‌ಎಸ್‌ಡಿಗಳೂ ದುಬಾರಿಯಾದವು.